ಓನರ್ಸ್ ಪಂಕ್ತಿಯಲ್ಲಿ ಒಂದು ಎಲೆ

ಬೀಗ ಹಾಕಿದ ಮೇಲೆ ಅದನ್ನು ಒಮ್ಮೆ ಜಗ್ಗಿ ನೋಡುವುದು ಲೋಕರೂಢಿ. ಎರಡು ಸಲ ಜಗ್ಗುವವರನ್ನೂ ಜನ ಜಾಗರೂಕರೆಂದು ಕರೆದು ಕ್ಷಮಿಸುತ್ತಾರೆ. ನಾನು ಈ ಎರಡೂ ಪೈಕಿಯವನಲ್ಲ. ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನವರೆಗೆ ನಡೆದು, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತ ಮೇಲೆ, ‘ಜಗ್ಗಿದ್ದೇನೋ ನಿಜ, ಜಗ್ಗಿದಾಗ ಅದು ಬಿಗಿಯಾಗಿತ್ತೇ?’ ಎಂದು ಯೋಚಿಸುವವನು. ಇಳಿದು ಓಡಿಹೋಗಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಬೀಗ ಮಾತ್ರ ಬಿಗಿಯಾಗಿಯೇ ಇರುತ್ತದೆ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರು ಈಗೀಗ ಸೀಟಿ ಊದುವ ಮೊದಲು ನನ್ನ ಕಡೆ ತಿರುಗಿ, “ಬೀಗ ಆಯ್ತಾ ಶೇಷಣ್ಣ?” ಎಂದು ಕೇಳಿಯೇ ಊದುತ್ತಾರೆ.

ಇಂಥ ಗುಣಕ್ಕೂ ಒಂದು ದಿನ ಪದವಿ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ.

ನಾನು ಕೆಲಸ ಮಾಡುವುದು ಜೇನು ಸಾಕುವವರ ಒಂದು ಸಹಕಾರ ಸಂಘದಲ್ಲಿ. ಮುಖ್ಯ ಕಚೇರಿ ಕೊಪ್ಪದಲ್ಲಿ. ಶೃಂಗೇರಿಯಲ್ಲೊಂದು, ನರಸಿಂಹರಾಜಪುರದಲ್ಲೊಂದು ಶಾಖೆ. ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ಅಧ್ಯಕ್ಷರಿಗೆ ಉತ್ಸಾಹ ಬಂದು, ಶಿವಮೊಗ್ಗದ ಕಂಪ್ಯೂಟರಿನವರೊಬ್ಬರಿಂದ ಸಂಘಕ್ಕೇ ಒಂದು ವೆಬ್‌ಸೈಟ್ ಮಾಡಿಸಿದರು. ಅದು ಹೊರಗಿನವರು ನೋಡುವುದಕ್ಕಲ್ಲ. ಮೂರೂ ಕಡೆಯ ನೌಕರರು ಒಂದೇ ಕಪಾಟಿನಲ್ಲಿ ಕಾಗದ ಇಟ್ಟು ತೆಗೆಯುವುದಕ್ಕೆ. ಅಲ್ಲಿಯವರೆಗೆ ನಮ್ಮ ಸುತ್ತೋಲೆಗಳು ಶೃಂಗೇರಿ ಬಸ್ಸಿನ ಡ್ರೈವರ್ ಸೀಟಿನ ಹಿಂದೆ ಕೂತು ಪ್ರಯಾಣ ಮಾಡುತ್ತಿದ್ದವು. ಕೆಲವು ಇನ್ನೂ ಮಾಡುತ್ತಲೇ ಇರಬಹುದು.

ಕಪಾಟೆಂದ ಮೇಲೆ ಕೀಲಿ ಬೇಕು. ಯಾರು ಯಾವ ಕಾಗದವನ್ನು ನೋಡಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂದು ಗೊತ್ತುಮಾಡುವ ಒಬ್ಬ ಮನುಷ್ಯ ಬೇಕು. ಅಧ್ಯಕ್ಷರು ಸಭೆಯಲ್ಲಿ ಸುತ್ತ ನೋಡಿ, “ನಮ್ಮ ಶೇಷಣ್ಣನಷ್ಟು ಹೆದರೋರು ಯಾರಿದ್ದಾರೆ? ಅವರಿಗೇ ಇರಲಿ” ಎಂದರು. ಚಪ್ಪಾಳೆಯೂ ಬಿತ್ತು. ಮನೆಯಲ್ಲಿ ಸುದ್ದಿ ಹೇಳಿದಾಗ ಹೆಂಡತಿ ಸುಮಿತ್ರಾ, “ಅಲ್ಲಿ ಜಗ್ಗಿ ನೋಡ್ಲಿಕ್ಕೆ ಬೀಗ ಇಲ್ವಲ್ಲ, ಎಂತ ಮಾಡ್ತೀರಿ?” ಎಂದಳು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ನಿದ್ದೆ ಕಡಿಮೆಯಾಯಿತು.

ಸೈಟಿನಲ್ಲಿ ಮೂರು ಗುಂಪುಗಳಿದ್ದವು. ವಿಸಿಟರ್ಸ್ ಎಂದರೆ ಬಂದು ನೋಡಿ ಹೋಗುವವರು. ಮೆಂಬರ್ಸ್ ಎಂದರೆ ನೋಡಿ, ಬರೆದು, ತಿದ್ದುವವರು. ಓನರ್ಸ್ ಎಂದರೆ ಎಲ್ಲವನ್ನೂ ಮಾಡುವವರು, ಉಳಿದವರು ಏನು ಮಾಡಬಹುದೆಂದು ಹೇಳುವವರೂ ಅವರೇ. ಶಿವಮೊಗ್ಗದವರು ಇದನ್ನು ಬಹಳ ಕಷ್ಟಪಟ್ಟು ವಿವರಿಸಿದರು. ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಏಕೆಂದರೆ ಇದು ನಮ್ಮ ಊರಿನ ಮದುವೆಯ ಕರೆಯಲ್ಲದೆ ಬೇರೇನೂ ಅಲ್ಲ.

ನಮ್ಮಲ್ಲಿ ಕರೆಯಲು ಹೋದವರು ಬರೀ ಕಾಗದ ಕೊಟ್ಟು ಬರುವುದಿಲ್ಲ. ಕೊಟ್ಟು ಒಂದು ಮಾತು ಹೇಳುತ್ತಾರೆ. ‘ಮನೆಗೊಬ್ಬರಾದರೂ ಬನ್ನಿ’ ಎಂದರೆ ಒಂದು ಲೆಕ್ಕ. ‘ಮನೆಮಂದಿಯೆಲ್ಲ ಬನ್ನಿ’ ಎಂದರೆ ಇನ್ನೊಂದು. ‘ನೀವು ಹಿಂದಿನ ದಿನವೇ ಬಂದು ನಿಂತುಕೊಳ್ಳಬೇಕು’ ಎಂದರೆ ಅದು ಉಗ್ರಾಣದ ಬೀಗದಕೈ ಕೊಟ್ಟ ಹಾಗೆ. ವಿಸಿಟರ್ಸ್, ಮೆಂಬರ್ಸ್, ಓನರ್ಸ್. ಮುದ್ರಿತ ಕಾಗದ ಮೂವರಿಗೂ ಒಂದೇ. ಆದರೆ ಮನೆಮಂದಿಯೆಲ್ಲ ಎನ್ನಬೇಕಾದ ಕಡೆ ಮನೆಗೊಬ್ಬರು ಎಂದು ಬಾಯಿತಪ್ಪಿದರೆ ಆ ಮುನಿಸು ಮಗುವಿನ ನಾಮಕರಣದವರೆಗೂ ಇಳಿಯುವುದಿಲ್ಲ.

ಹೀಗಿರುವಾಗ ನಾನು ಯಾರನ್ನು ವಿಸಿಟರ್ಸ್ ಗುಂಪಿಗೆ ಹಾಕಲಿ? ಎಲ್ಲರನ್ನೂ ಮೆಂಬರ್ಸ್ ಮಾಡಿದೆ. ಕೆಲವು ದಿನ ಕಳೆದು ಶಿವಮೊಗ್ಗದಿಂದ ಫೋನ್ ಬಂತು.

“ಸಾರ್, ವಿಸಿಟರ್ಸ್ ಗ್ರೂಪ್ ಖಾಲಿ ಇದೆಯಲ್ಲ?”

“ಯಾರನ್ನ ಹಾಕೋದು ಮಾರಾಯ್ರೇ, ನಾಳೆ ಮುಖ ನೋಡ್ಬೇಕಲ್ಲ.”

“ಓನರ್ಸ್ ಆದ್ರೂ ಜಾಸ್ತಿ ಮಾಡ್ಬೇಡಿ. ಮೂರು ಜನ ಸಾಕು.”

ಮೂವರೂ ಆಗಿದ್ದೆವು. ಅಧ್ಯಕ್ಷರು, ಅವರು ಕಂಪ್ಯೂಟರನ್ನು ದೂರದಿಂದಲೇ ಗೌರವಿಸುತ್ತಿದ್ದರು. ಶೃಂಗೇರಿ ಶಾಖೆಯ ಶ್ರೀಪತಿ, ನನ್ನ ಓರಗೆಯವನು, ಮೈಕು ಕಂಡರೆ ಬಿಡದವನು. ಮೂರನೆಯವನು ನಾನು.

ಈ ವಿಷಯದಲ್ಲಿ ಜೇನುಹುಳಗಳ ಪದ್ಧತಿ ನನಗೆ ಹಿಡಿಸುತ್ತದೆ. ಪೆಟ್ಟಿಗೆಯ ಬಾಗಿಲಲ್ಲಿ ಕಾವಲಿನ ಹುಳಗಳಿರುತ್ತವೆ. ಬಂದವರನ್ನೆಲ್ಲ ಮೂಸಿ ನೋಡಿ, ತಮ್ಮ ಮನೆಯ ವಾಸನೆ ಇದ್ದರೆ ಒಳಗೆ ಬಿಡುತ್ತವೆ. ಬೇರೆ ಪೆಟ್ಟಿಗೆಯ ಹುಳ ಬರಿಗೈಯಲ್ಲಿ ಬಂದರೆ ಜಗ್ಗಾಡಿ ಓಡಿಸುತ್ತವೆ. ಅದೇ ಹುಳ ದಾರಿ ತಪ್ಪಿ, ಹೊಟ್ಟೆ ತುಂಬ ಮಕರಂದ ಹೊತ್ತು ಬಂದಿದ್ದರೆ ಬಹಳ ಸಲ ಸುಮ್ಮನೆ ಒಳಗೆ ಬಿಟ್ಟುಬಿಡುತ್ತವೆ. ಅನುಮಾನಕ್ಕೂ ಒಂದು ದಾಕ್ಷಿಣ್ಯ ಇರಬೇಕೆಂದು ಅವಕ್ಕೆ ಯಾರು ಕಲಿಸಿದರೋ. ನನ್ನ ಹತ್ತಿರ ಅನುಮಾನವೂ ಇತ್ತು, ದಾಕ್ಷಿಣ್ಯವೂ ಇತ್ತು. ಯಾವುದು ಯಾವಾಗ ಎನ್ನುವುದೇ ಗೊತ್ತಿರಲಿಲ್ಲ.

ಅದು ಗೊತ್ತಿಲ್ಲದ್ದಕ್ಕೆ ಆದ ಪಚೀತಿ ಕಮಲಾಕ್ಷಮ್ಮನವರ ವಿಷಯದಲ್ಲಿ.

ಕಮಲಾಕ್ಷಮ್ಮ ನರಸಿಂಹರಾಜಪುರ ಶಾಖೆಯ ಮುಖ್ಯಸ್ಥೆ, ನಮಗೆಲ್ಲ ಹಿರಿಯರು. ಒಂದು ಕಾಲದಲ್ಲಿ ರೋಗ ಬಂದು ನಮ್ಮ ಸೀಮೆಯ ಜೇನುಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವು. ಸಂಘ ಮುಚ್ಚುವುದೇ ಎಂದು ನಾವು ಕೊಪ್ಪದಲ್ಲಿ ಕೂತು ಚಿಂತೆ ಮಾಡುತ್ತಿದ್ದಾಗ ಈಕೆ ಸೀತೂರು, ಮುತ್ತಿನಕೊಪ್ಪ ಎಂದು ಮನೆಮನೆ ಸುತ್ತಿ, “ಪೆಟ್ಟಿಗೆ ಒಲೆಗೆ ಹಾಕ್ಬೇಡಿ. ತೊಳೆದು ಮಗುಚಿ ಇಡಿ. ಹುಳ ಬಂದೇ ಬರ್ತವೆ” ಎಂದು ಹೇಳಿಬಂದರು. ಹುಳ ಬಂದವು. ಪೆಟ್ಟಿಗೆಗಳು ಕಾದಿದ್ದವು. ನಮ್ಮ ಸಂಬಳವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ ಎಂದರೆ ಹೆಚ್ಚಲ್ಲ.

ಇಂಥವರು ನಿವೃತ್ತರಾಗುವ ಕಾಲ ಬಂತು. ಬೀಳ್ಕೊಡುಗೆಯ ಮಾತೆತ್ತಿದರೆ ಫೋನಿನಲ್ಲೇ ಗದರಿದರು. “ಶಾಲು ಹೊದಿಸೋದು, ಇಲ್ಲದ ಗುಣ ಎಲ್ಲ ಇದೆ ಅನ್ನೋದು, ಅದೆಂತದೂ ನನಗೆ ಬೇಡ. ಹಾಗೇನಾದ್ರೂ ಮಾಡಿದ್ರೆ ಅವತ್ತು ರಜೆ ಹಾಕ್ತೀನಿ. ಆಫೀಸಿನ ಬೀಗದಕೈ ಬಸ್ಸಿನಲ್ಲಿ ಬರ್ತದೆ, ಇಳಿಸ್ಕೊಳ್ಳಿ.” ಹೇಳಿದ್ದನ್ನು ಮಾಡುವವರೇ. ಆದ್ದರಿಂದ ಅವರಿಗೆ ತಿಳಿಯದಂತೆ, ಅವರದೇ ಶಾಖೆಯ ಅಂಗಳದಲ್ಲಿ, ಜೇನು ಸಾಕುವವರನ್ನೆಲ್ಲ ಸೇರಿಸಿ ಊಟ ಹಾಕುವುದೆಂದು ಶ್ರೀಪತಿ ಮತ್ತು ನಾನು ನಿಶ್ಚಯಿಸಿದೆವು. ತಿಳಿದರೆ ಅವರು ಬರುವುದಿಲ್ಲ. ಬರದಿದ್ದರೆ ನಾವು ಅವರಿಗೆ ಒಂದು ಹೊತ್ತಿನ ಅನ್ನವನ್ನೂ ಬಡಿಸದೆ ಕಳಿಸಿದ ಹಾಗೆ.

ಏರ್ಪಾಡೆಲ್ಲ ಸೈಟಿನಲ್ಲಿ ಒಂದು ಫೋಲ್ಡರ್ ಮಾಡಿ ಬರೆದಿಟ್ಟೆವು. ಮೂರೂ ಕಡೆಯವರಿಗೂ ಅದು ಕಾಣುವಂತೆ ಮಾಡಿ, ಕಮಲಾಕ್ಷಮ್ಮನವರ ಹೆಸರೊಂದನ್ನು ಮಾತ್ರ ನಾನೇ ಬಿಟ್ಟೆ. ಅಷ್ಟಕ್ಕೆ ಧೈರ್ಯ ಸಾಲದೆ, ಯಾರೂ ಇಣುಕದಿರಲೆಂದು ಅದಕ್ಕೆ ‘ಹಳೆಯ ಖಾಲಿ ಡಬ್ಬಿಗಳ ವಿವರ’ ಎಂದು ಹೆಸರಿಟ್ಟೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮರುದಿನದಿಂದ ಸಂಕಟ ಶುರುವಾಯಿತು. ಊರಿಗೆಲ್ಲ ಕರೆ ಕೊಟ್ಟು ಒಂದು ಮನೆಯನ್ನು ಬಿಟ್ಟ ಹಾಗಾಯಿತಲ್ಲ. ಅದೂ ಹಿರಿಯರ ಮನೆ. ಅವರಿಗಾಗಿಯೇ ಮಾಡುತ್ತಿರುವ ಊಟವೆಂದು ಮನಸ್ಸಿಗೆ ಸಮಾಧಾನ ಹೇಳಿದರೂ ಅದು ಕೇಳಲಿಲ್ಲ. ಇಷ್ಟು ವರ್ಷ ದುಡಿದವರು ಬರೀ ಮೆಂಬರ್, ನಿನ್ನೆ ಮೊನ್ನೆಯ ನಾನು ಓನರ್. ಈ ಕೊನೆಯ ದಿನಗಳಲ್ಲಾದರೂ ಅವರಿಗೊಂದು ಮರ್ಯಾದೆ ಬೇಡವೇ? ಆದರೆ ಓನರ್ಸ್ ಪಂಕ್ತಿಯಲ್ಲಿ ಮೂರೇ ಎಲೆ. ಪಂಕ್ತಿ ತುಂಬಿದ ಮೇಲೆ ಹಿರಿಯರು ಬಂದರೆ ಏನು ಮಾಡಬೇಕೆಂದು ನಮ್ಮ ಕಡೆಯ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮನೆಯವನು ಎದ್ದು ಜಾಗ ಬಿಡುತ್ತಾನೆ. ಕಮಲಾಕ್ಷಮ್ಮನವರ ಹೆಸರನ್ನು ಸೇರಿಸಿ, ನನ್ನ ಹೆಸರನ್ನು ತೆಗೆದು ಮೆಂಬರ್ಸ್ ಕಡೆಗೆ ಹಾಕಿದೆ. ‘ಖಾತ್ರಿಯೇ?’ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು. ಜೀವನದಲ್ಲಿ ಅಪರೂಪಕ್ಕೆಂಬಂತೆ ನನಗೆ ಸಂಶಯವೇ ಬರಲಿಲ್ಲ. ‘ಹೌದು’ ಒತ್ತಿದೆ.

ಎಲೆ ಬಿಟ್ಟು ಎದ್ದ ಮನೆಯವನು ಬಡಿಸಲಿಕ್ಕಾದರೂ ಅಡುಗೆಮನೆಗೆ ಹೋಗಬಹುದು. ಯಂತ್ರ ಹಾಗಲ್ಲ. ಎದ್ದವನನ್ನು ಅಂಗಳದಲ್ಲೇ ನಿಲ್ಲಿಸುತ್ತದೆ. ಪರ್ಮಿಷನ್ ಬದಲಿಸುವ ಗುಂಡಿಗಳೆಲ್ಲ ನನ್ನ ಪರದೆಯಿಂದ ಮಾಯವಾದವು. ಗಾಬರಿಯಾಗಿ ಶಿವಮೊಗ್ಗಕ್ಕೆ ಫೋನ್ ಮಾಡಿ, ತಡೆದು ತಡೆದು ಕೇಳಿದೆ.

“ಒಬ್ಬರ ಹೆಸರು ಬಿಟ್ಟು ಮಾಡಿದ ಫೋಲ್ಡರ್, ಅವರು ಓನರ್ ಆದ್ರೂ ಅವರಿಗೆ ಕಾಣೋದಿಲ್ಲ ಅಲ್ವಾ?”

“ಕಾಣದೆ ಏನು ಸಾರ್? ಓನರ್ಸ್ ಅಲ್ವಾ ಅವರು. ಅವರಿಗೆ ಎಲ್ಲಾ ಕಾಣುತ್ತೆ.”

ಆಗ ಇನ್ನೊಂದು ವಿಷಯವೂ ನೆನಪಾಯಿತು. ಮೂರು ತಾಲ್ಲೂಕಿನಲ್ಲಿ ಖಾಲಿ ಡಬ್ಬಿಯ ಬಗ್ಗೆ ಕಾಳಜಿ ಇರುವ ಮನುಷ್ಯರು ಒಬ್ಬರೇ. ಖಾಲಿ ಪೆಟ್ಟಿಗೆಯನ್ನು ಒಲೆಗೆ ಹಾಕಲು ಬಿಡದವರು ಖಾಲಿ ಡಬ್ಬಿಯನ್ನು ಬಿಟ್ಟಾರೆಯೇ? ಬೇರೆ ಯಾವ ಹೆಸರಿಟ್ಟಿದ್ದರೂ ಅವರು ತೆರೆಯುತ್ತಿರಲಿಲ್ಲವೇನೋ.

ಶ್ರೀಪತಿಗೆ ಹೇಳಿದೆ. ಅವನು ಫೋನ್ ದೂರ ಹಿಡಿದು ನಕ್ಕಿದ್ದು ಇಲ್ಲಿಗೇ ಕೇಳಿಸಿತು.

“ನಿನ್ನ ಹೆದರಿಕೆಗಿಂತ ನಿನ್ನ ಧೈರ್ಯವೇ ಅಪಾಯ ಮಾರಾಯ.”

“ನೀನೂ ಓನರ್ ಅಲ್ವನಾ? ಅವರ ಹೆಸರು ಒಂದು ತೆಗೆದುಬಿಡು.”

“ಎಲೆ ಹಾಕಿ ಕೂರಿಸಿದವರನ್ನ ಎಬ್ಬಿಸೋದಾ? ಅದೂ ಕಮಲಾಕ್ಷಮ್ಮನ್ನ? ನನ್ನ ಕೈಲಾಗೋದಿಲ್ಲ. ನಿನ್ನ ಕೈಲಾಗ್ತದಾ ಹೇಳು.”

ನನ್ನ ಕೈಲೂ ಆಗುತ್ತಿರಲಿಲ್ಲ. ಇಬ್ಬರೂ ಫೋನ್ ಇಟ್ಟೆವು.

ಆಮೇಲಿನ ದಿನಗಳಲ್ಲಿ ಕಮಲಾಕ್ಷಮ್ಮನವರ ಫೋನ್ ಬಂದಾಗಲೆಲ್ಲ ರಜೆಯ ಮಾತು ಬಂತೆಂದೇ ಎದ್ದುನಿಂತು ಮಾತಾಡುತ್ತಿದ್ದೆ. ಅವರು ಮೇಣದ ಹಾಳೆ ಬಂತೇ, ಶೀಷೆ ಬಂತೇ ಎಂದಷ್ಟೇ ಕೇಳುತ್ತಿದ್ದರು. ದನಿಯಲ್ಲಿ ಏನೂ ಇರುತ್ತಿರಲಿಲ್ಲ. ಏನೂ ಇಲ್ಲದ ದನಿಯಷ್ಟು ಭಯ ಹುಟ್ಟಿಸುವಂಥದ್ದು ಇನ್ನೊಂದಿಲ್ಲ. ಈ ನಡುವೆ ಫೋಲ್ಡರಿನಲ್ಲಿ ಸಣ್ಣದೊಂದು ಬದಲಾವಣೆ ಕಂಡಿತು. ಶ್ರೀಪತಿಯ ಭಾಷಣಕ್ಕೆ ಅವನೇ ಬರೆದುಕೊಂಡಿದ್ದ ಅರ್ಧ ಗಂಟೆ ಹೋಗಿ ಐದು ನಿಮಿಷ ಆಗಿತ್ತು. ಎಲ್ಲರೂ ನಾನೇ ಮಾಡಿದ್ದೆಂದು ತಿಳಿದು ಗುಟ್ಟಾಗಿ ಅಭಿನಂದಿಸಿದರು. ನಾನು ಶ್ರೀಪತಿಗೇ ಜ್ಞಾನೋದಯವಾಯಿತೆಂದು ತಿಳಿದಿದ್ದೆ. ಆಗಲಾದರೂ ನನಗೆ ಹೊಳೆಯಬೇಕಾಗಿತ್ತು.

ಬೀಳ್ಕೊಡುಗೆಯ ದಿನ ಬೆಳಿಗ್ಗೆ, ಬಸ್ಸಿಗೆ ಹೊರಡುವ ಮೊದಲು, ಆಫೀಸಿನ ಕಂಪ್ಯೂಟರ್ ತೆರೆದೆ. ಬೀಗ ಜಗ್ಗುವ ಚಾಳಿಯೇ, ಇನ್ನೇನು. ಮಾಯವಾಗಿದ್ದ ಗುಂಡಿಗಳೆಲ್ಲ ಅವುಗಳ ಜಾಗದಲ್ಲಿದ್ದವು. ಓನರ್ಸ್ ಗುಂಪಿನಲ್ಲಿ ನನ್ನ ಹೆಸರು. ಕಮಲಾಕ್ಷಮ್ಮನವರದು ಮೊದಲಿನ ಹಾಗೆ ಮೆಂಬರ್ಸ್ ಕಡೆ. ಶ್ರೀಪತಿಗೆ ಫೋನ್ ಮಾಡಿದರೆ ಅವನು ಮುಟ್ಟಿಲ್ಲ. ಅಧ್ಯಕ್ಷರ ಮಾತು ಬಿಡಿ.

ಹಾಗಾದರೆ ಕಮಲಾಕ್ಷಮ್ಮ ಎಲ್ಲ ನೋಡಿದ್ದಾರೆ. ನೋಡಿ ಎದ್ದುಹೋಗಿದ್ದಾರೆ. ಈಗ ಬಸ್ಸಿನಲ್ಲಿ ನನಗೆ ಎದುರಾಗಿ ಬೀಗದಕೈ ಬರುತ್ತಿರಬೇಕು ಎಂದುಕೊಂಡು ದಾರಿಯುದ್ದಕ್ಕೂ ಎದುರಿನಿಂದ ಬರುವ ಬಸ್ಸುಗಳನ್ನು ನೋಡುತ್ತ ಹೋದೆ.

ಕಮಲಾಕ್ಷಮ್ಮ ಕಚೇರಿಯಲ್ಲೇ ಇದ್ದರು. ಎಂದಿಗಿಂತ ಒಳ್ಳೆಯ ಸೀರೆಯುಟ್ಟು, ಎಂದಿನಂತೆ ಶೀಷೆಗಳಿಗೆ ಚೀಟಿ ಅಂಟಿಸುತ್ತಿದ್ದರು. ಅಂಗಳದಲ್ಲಿ ಜನ ಸೇರತೊಡಗಿದಾಗ ಬಾಗಿಲಿಗೆ ಬಂದು, “ಎಂತ ಇದೆಲ್ಲ? ನನಗೊಂದು ಮಾತು ಹೇಳಲಿಲ್ವಲ್ಲ ಶೇಷಣ್ಣ” ಎಂದು ಎಷ್ಟು ಚೆನ್ನಾಗಿ ಆಶ್ಚರ್ಯಪಟ್ಟರೆಂದರೆ, ಒಂದು ಕ್ಷಣ ನಾನೇ ನಂಬಿದೆ. ಶ್ರೀಪತಿ ಐದೇ ನಿಮಿಷ ಮಾತಾಡಿ ಜನಪ್ರಿಯನಾದ. ಮುತ್ತಿನಕೊಪ್ಪದವರು ಮನೆಯಿಂದ ಕಡುಬು ತಂದಿದ್ದರು. ಸೀತೂರಿನವರೊಬ್ಬರು, ಆಗ ಒಲೆಗೆ ಹಾಕದೆ ಉಳಿಸಿದ ಪೆಟ್ಟಿಗೆಯ ಜೇನೆಂದು ಒಂದು ಶೀಷೆ ತಂದು ಅವರ ಕೈಗಿಟ್ಟರು. ಕಮಲಾಕ್ಷಮ್ಮ ಆಗ ಮಾತ್ರ ಆಶ್ಚರ್ಯ ನಟಿಸಲಿಲ್ಲ. ಸೆರಗಿನಿಂದ ಶೀಷೆ ಒರೆಸುವವರಂತೆ ತಲೆ ತಗ್ಗಿಸಿ ಬಹಳ ಹೊತ್ತು ಒರೆಸಿದರು.

ಊಟಕ್ಕೆ ಅವರ ಪಕ್ಕದ ಎಲೆ ನನ್ನದಾಗಿತ್ತು. ಹೋಳಿಗೆಯ ಧೈರ್ಯದಲ್ಲಿ ಮೆಲ್ಲಗೆ ಕೇಳಿದೆ.

“ನಿಮಗೆ ಮೊದಲೇ ಗೊತ್ತಿತ್ತು.”

“ಖಾಲಿ ಡಬ್ಬಿ ಅಂತ ಇತ್ತು. ನಮ್ಮ ಶಾಖೆಯದ್ದು ಬಿಟ್ಟುಹೋಗಿದೆಯಾ ಅಂತ ತೆರೆದೆ.”

“ಮತ್ತೆ ರಜೆ ಹಾಕಲಿಲ್ಲ?”

“ಮುತ್ತಿನಕೊಪ್ಪದವರು ಬೆಳಿಗ್ಗೆ ಬಸ್ಸಿಗೇ ಹೊರಟು ಬರ್ತಾರೆ ಅಂತ ನೀವೇ ಬರೆದಿದ್ರಲ್ಲ. ಅವರನ್ನ ಖಾಲಿ ಮನೆಗೆ ಬರಿಸೋದಾ? ಶಾಲು ಒಂದು ಹೊದಿಸ್ಬೇಡಿ ಅಂತ ಹೇಳೋಣ ಅನ್ನಿಸ್ತು. ಮತ್ತೆ ನಾನು ನೋಡೇ ಇಲ್ಲ ಅಲ್ವಾ, ಹೇಗೆ ಹೇಳೋದು?”

“ನನ್ನ ಹೆಸರು ಯಾಕೆ ವಾಪಸು ಹಾಕಿದ್ರಿ?”

ಅವರು ಮಜ್ಜಿಗೆ ಕುಡಿದು ಮುಗಿಸಿ, ಬಡಿಸುತ್ತಿದ್ದವರು ಬೇಡ ಬೇಡವೆನ್ನುತ್ತಿದ್ದರೂ ಎಲೆ ಮಡಚಿ ಕೈಯಲ್ಲಿ ಹಿಡಿದು ಎದ್ದರು.

“ಉಂಡ ಮೇಲೆ ಎಲೆ ನಾವೇ ತೆಗೀಬೇಕು ಮಾರಾಯ್ರೇ. ಮುಂದಿನವರು ಕಾಯ್ತಿರ್ತಾರೆ.”

ಶಿವಮೊಗ್ಗದವರು ಕೊಟ್ಟ ಪರ್ಮಿಷನ್‌ಗಳನ್ನು ನಾನು ಆಮೇಲೆ ಮತ್ತೆ ಓದಿದೆ. ನೋಡುವುದಕ್ಕೆ ಒಂದಿದೆ, ತಿದ್ದುವುದಕ್ಕೆ ಒಂದಿದೆ, ಅಳಿಸುವುದಕ್ಕೂ ಒಂದಿದೆ. ನೋಡಿಯೂ ನೋಡದಂತೆ ಇರುವುದಕ್ಕೆ ಯಾವ ಗುಂಪೂ ಇಲ್ಲ. ನಮ್ಮ ಮನೆಗಳು ನಿಂತಿರುವುದು ಬೀಗಕ್ಕಿಂತ ಹೆಚ್ಚಾಗಿ ಅದರ ಮೇಲೆಯೇ ಎಂದು ಅವರಿಗೆ ಬರೆಯೋಣವೆಂದುಕೊಂಡೆ. ಫೋನಿನಲ್ಲೇ ಸುಸ್ತಾಗಿರುವ ಮನುಷ್ಯ, ಬೇಡವೆಂದು ಬಿಟ್ಟೆ.

ನಿವೃತ್ತರಾದವರ ಹೆಸರನ್ನು ಸೈಟಿನಿಂದ ತೆಗೆಯಬೇಕೆಂದು ನಿಯಮ. ನಿಯಮ ಮಾಡಿದವನೂ ನಾನೇ. ಮರುವಾರ ಮೆಂಬರ್ಸ್ ಗುಂಪು ತೆರೆದು ಕಮಲಾಕ್ಷಮ್ಮನವರ ಹೆಸರಿನ ಮುಂದೆ ಗುರುತು ಹಾಕಿ, ತೆಗೆಯುವ ಗುಂಡಿ ಒತ್ತಿದೆ. ಯಂತ್ರ ಎಂದಿನಂತೆ ‘ಖಾತ್ರಿಯೇ?’ ಎಂದು ಕೇಳಿತು.

ಹುಟ್ಟಿದಾಗಿನಿಂದ ಯಾವುದರಲ್ಲೂ ಖಾತ್ರಿಯಿಲ್ಲದ ನನಗೆ ಇಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ‘ಇಲ್ಲ’ ಎಂದು ಒತ್ತಿ, ಚಾ ಕುಡಿಯಲು ಎದ್ದೆ.