ಗುಂಯ್ ಎನ್ನುತ್ತಿದ್ದ ಪೆಟ್ಟಿಗೆ

ಅಪ್ಪ ಕೈಯಾರೆ ಮಾಡಿದ ಆಂಪ್ಲಿಫೈಯರು ಯಾವತ್ತೂ ಸುಮ್ಮನಿದ್ದದ್ದಿಲ್ಲ. ಸ್ವಿಚ್ಚು ಹಾಕಿ, ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾಯುವಷ್ಟರಲ್ಲಿ ಗುಂಯ್ ಎಂದು ಶುರುವಾಗುತ್ತಿತ್ತು. ನಾನು ಹವಾಯಿಯನ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವಾಗ ಆ ಸದ್ದು ಶ್ರುತಿಪೆಟ್ಟಿಗೆಯ ಹಾಗೆ ಕೆಳಗೆ ಇದ್ದೇ ಇರುತ್ತಿತ್ತು. ಮಂಡ್ಯದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಅಪ್ಪನಿಗೆ ಅದು ಮರ್ಯಾದೆಯ ಪ್ರಶ್ನೆ. "ಬರೋ ಭಾನುವಾರ ಇದರ ಬಾಯಿ ಮುಚ್ಚಿಸ್ತೀನಿ ನೋಡಮ್ಮ" ಎನ್ನುವರು. ಭಾನುವಾರ ಬಂದರೆ ಪೆಟ್ಟಿಗೆ ಬಿಚ್ಚುವ ಮಾತೇ ಇಲ್ಲ. "ಒಂದು ನುಡಿಸು, ಎಲ್ಲಿಂದ ಬರುತ್ತೆ ಕೇಳೋಣ" ಎಂದು ಕೂತುಬಿಡುವರು. ಕೇಳುತ್ತಾ ಕೇಳುತ್ತಾ ಮಧ್ಯಾಹ್ನವಾಗಿ, ಅಮ್ಮ ಊಟಕ್ಕೆ ಕೂಗುವಳು.

ಮನೆಯ ಹಳೇ ರೇಡಿಯೋ ಬಿಚ್ಚಿ ನನಗೆ ರಿಪೇರಿ ಕಲಿಸಿದ್ದೂ ಅವರೇ. ಮೊದಲು ವೈರು ನೋಡು, ಆಮೇಲೆ ಫ್ಯೂಸು, ಆಮೇಲೆ ವಾಲ್ವು. ನೆಗಡಿ ಬಂತೆಂದು ಮೂಗು ಕೊಯ್ಯಬೇಡ. ಕರೆಂಟು ತೆಗೆದ ತಕ್ಷಣ ಒಳಗೆ ಕೈ ಹಾಕಬೇಡ, ಕಂಡೆನ್ಸರಿನಲ್ಲಿ ಅದು ಅಡಗಿ ಕೂತಿರುತ್ತದೆ.

ಪೂರಿಗಾಲಿಯ ರೈತರ ಮನೆಗೆ ನನ್ನನ್ನು ಕೊಟ್ಟಾಗ ಪೆಟ್ಟಿಗೆಯೂ ಬಸ್ಸಿನ ಟಾಪಿನ ಮೇಲೆ ನನ್ನ ಜೊತೆ ಬಂತು. ಮರುವರ್ಷ ಅಪ್ಪ ತೀರಿಕೊಂಡರು. ಗಿಟಾರು ಮುಟ್ಟಲು ಮನಸ್ಸಾಗಲಿಲ್ಲ. ಆದರೆ ಸಂಜೆ ಸ್ವಿಚ್ಚು ಹಾಕಿ, ಬರೀ ಆ ಗುಂಯ್ ಕೇಳುತ್ತಾ ಅಕ್ಕಿ ಆರಿಸುತ್ತಿದ್ದೆ. ಹುಚ್ಚು ಅಂದುಕೊಳ್ಳಿ. ಅಪ್ಪ ಪಕ್ಕದಲ್ಲೇ ಕೂತು, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ನನಗೆ ಅವರು ಅಷ್ಟು ಬೇಕಾಗಿದ್ದರು.

ಆ ಸಲದ ಆಯುಧಪೂಜೆಯಲ್ಲಿ ಅತ್ತೆ ನೇಗಿಲು, ಕುಡುಗೋಲು, ಪಂಪ್‌ಸೆಟ್ಟಿನ ಸ್ಟಾರ್ಟರು ಎಲ್ಲಕ್ಕೂ ಅರಿಸಿನ ಕುಂಕುಮ ಇಟ್ಟರು. ಪೆಟ್ಟಿಗೆಯನ್ನು ಬಿಟ್ಟಾರೆಯೇ? ಸೊಸೆಯ ಆಯುಧವೆಂದು ಒಂದು ಹಿಡಿ ಜಾಸ್ತಿಯೇ ಸುರಿದಿದ್ದರು. ಮಾರನೆಯ ದಿನ ವಾಲ್ಯೂಮ್ ತಿರುಗಿಸಿದರೆ ಕರಕರ, ಗೊರಗೊರ. ನನಗೆ ಪಿತ್ತ ನೆತ್ತಿಗೇರಿತು.

"ದೇವ್ರ ಕುಂಕ್ಮ ಕಣವ್ವ, ಅದ್ರಿಂದ ಏನ್ ಕೆಡ್ತದೆ?" ಎಂದರು ಅತ್ತೆ.

"ದೇವರಿಗೆ ವಾಲ್ಯೂಮ್ ಕಂಟ್ರೋಲು ಇಲ್ಲ ಅತ್ತೆ, ಇದಕ್ಕಿದೆ."

ನನ್ನ ಯಜಮಾನರು ಮಳವಳ್ಳಿಯಿಂದ ಸ್ಪಿರಿಟ್ ತಂದುಕೊಟ್ಟರು. ಅಪ್ಪನ ಪೆಟ್ಟಿಗೆಯನ್ನು ನಾನು ಬಿಚ್ಚಿದ್ದು ಅದೇ ಮೊದಲು. ಅಪ್ಪ ವೈರುಗಳನ್ನೆಲ್ಲ ಅಮ್ಮನ ಹೂ ಕಟ್ಟುವ ದಾರದಿಂದ ಓರಣವಾಗಿ ಕಟ್ಟಿದ್ದರು. ವಾಲ್ಯೂಮಿನೊಳಗೆ ಸ್ಪಿರಿಟ್ ಬಿಟ್ಟು ಆ ಕಡೆ ಈ ಕಡೆ ತಿರುವಿದೆ. ಕೆಂಪು ನೀರು ಇಳಿದು ಗುಂಡಿ ನುಣ್ಣಗೆ ತಿರುಗತೊಡಗಿತು. ಮುಚ್ಚಬೇಕೆನ್ನುವಾಗ ದೊಡ್ಡ ಕಂಡೆನ್ಸರು ಕಣ್ಣಿಗೆ ಬಿತ್ತು. ಉಬ್ಬಿ, ಬುಡದಲ್ಲಿ ಒಸರುತ್ತಿತ್ತು. ಗುಂಯ್ ಬರುತ್ತಿದ್ದದ್ದು ಅಲ್ಲಿಂದಲೇ. ಅದರ ಪಕ್ಕದಲ್ಲೇ, ಅದೇ ಹೂವಿನ ದಾರದಲ್ಲಿ ಬಿಗಿದು, ಅದೇ ಅಳತೆಯ ಹೊಸ ಕಂಡೆನ್ಸರು ಇತ್ತು. ಅದರ ತಂತಿಕಾಲು ಕತ್ತರಿಸಿಲ್ಲ, ಬೆಸುಗೆ ಸೋಕಿಲ್ಲ.

ಅಪ್ಪನಿಗೆ ಗೊತ್ತಿತ್ತು. ಮದ್ದು ತಂದು ಪಕ್ಕದಲ್ಲೇ ಇಟ್ಟುಕೊಂಡು, ಭಾನುವಾರ ಭಾನುವಾರ ನನ್ನನ್ನು ಕೂರಿಸಿಕೊಂಡು ರೋಗ ಹುಡುಕಿದ್ದರು.

ಹಳೆಯದನ್ನು ಹಾಗೇ ಬಿಟ್ಟರೆ ಟ್ರಾನ್ಸ್‌ಫಾರ್ಮರು ಸುಟ್ಟು ಪೆಟ್ಟಿಗೆಯೇ ಹೋಗುತ್ತದೆ. ತೆಗೆದರೆ ಗುಂಯ್ ಹೋಗುತ್ತದೆ. ಬೆಸುಗೆ ಕಡ್ಡಿ ಕಾಯಿಸಿ ಎಷ್ಟು ಹೊತ್ತು ಕೂತಿದ್ದೆನೋ ಕಾಣೆ. ಕೊನೆಗೆ ಹೊಸದನ್ನೇ ಹಾಕಿದೆ, ಅವರು ಕಲಿಸಿದ ಹಾಗೆಯೇ.

ಸ್ವಿಚ್ಚು ಹಾಕಿದೆ. ವಾಲ್ವುಗಳು ಕೆಂಪಾದವು. ಒಲೆಯ ಮುಂದೆ ಕೂತಿದ್ದ ಅತ್ತೆ ಕಿವಿಗೊಟ್ಟು ನೋಡಿ, ಎದ್ದು ಬಂದರು.

"ಸದ್ದೇ ಇಲ್ವಲ್ಲವ್ವ, ಕೆಟ್ಟೋಯ್ತಾ?"

"ಇಲ್ಲ ಅತ್ತೆ, ಸರಿಯಾಯ್ತು" ಎಂದೆ. ಅಪ್ಪ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.