ಮೊದಲು ಫೋನ್ ಇಡತಕ್ಕದ್ದಲ್ಲ

ಆ ರೇಡಿಯೋ ಕೇಂದ್ರದಲ್ಲಿ ಮಾತಾಡಿ ಸಂಬಳ ತೆಗೆದುಕೊಳ್ಳುವವರು ಹನ್ನೊಂದು ಮಂದಿ. ಬೈಸಿಕೊಂಡು ಸಂಬಳ ತೆಗೆದುಕೊಳ್ಳುವವಳು ಒಬ್ಬಳೇ. ಅವಳನ್ನು ಎಲ್ಲರೂ ಹಲೋ ಅಕ್ಕ ಎನ್ನುತ್ತಿದ್ದರು. ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆ ಅವಳ ರಾಜಧಾನಿ. ಎದ್ದರೆ ನೆತ್ತಿಗೆ ಮೆಟ್ಟಿಲು ಬಡಿಯುವ ಕಾರಣ, ಯಾವ ಅಧಿಕಾರಿ ಬಂದರೂ ಅವಳು ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ಎದ್ದು ನಿಂತವಳಲ್ಲ. ಕೆಲವರು ಅದನ್ನು ಗರ್ವ ಎಂದು ತಿಳಿದು ಹೆದರುತ್ತಿದ್ದರು. ಹೆದರಲಿ ಎಂದು ಅವಳೂ ಸುಮ್ಮನಿದ್ದಳು.

ಎಡಗಿವಿಗೆ ರಿಸೀವರು, ಬಲಗೈಗೆ ನೀಲಿ ಪೆನ್ನು, ಎದುರಿಗೆ ದೂರು ಪುಸ್ತಕ. ಗೋಡೆಯ ಮೇಲೆ ಗಾಜು ಹಾಕಿಸಿದ ನಿಯಮಗಳು: ಕೇಳುಗರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದುಕೊಳ್ಳತಕ್ಕದ್ದು. ಸ್ವಂತ ಅಭಿಪ್ರಾಯ ಹೇಳತಕ್ಕದ್ದಲ್ಲ. ಎಂಥ ಸಂದರ್ಭದಲ್ಲೂ ಕೇಂದ್ರದವರು ಮೊದಲು ಫೋನ್ ಇಡತಕ್ಕದ್ದಲ್ಲ. ಅವಳು ಆಡಬಹುದಾದ ವಾಕ್ಯಗಳು ಮೂರೇ ಮೂರು: “ಹೇಳಿ, ಬರೆದುಕೊಳ್ಳುತ್ತೇನೆ.” “ಬೇರೆ ಏನಾದರೂ ಹೇಳುವುದಿದೆಯೇ?” “ನಿಮ್ಮ ಮಾತು ದಾಖಲಾಗಿದೆ.”

ಈ ಮೂರು ಬಾಣಗಳಲ್ಲೇ ಅವಳು ದೊಡ್ಡ ದೊಡ್ಡ ಯುದ್ಧಗಳನ್ನು ಗೆದ್ದಿದ್ದಳು. ಒಮ್ಮೆ ರೇಡಿಯೋ ಗಡಿಯಾರ ನಾಲ್ಕು ನಿಮಿಷ ಹಿಂದೆ ಬಿದ್ದು ಅರ್ಧ ಊರು ರೈಲು ತಪ್ಪಿಸಿಕೊಂಡಾಗ, ಅಷ್ಟೂ ಜನ ಸ್ಟೇಷನ್ನಿನಿಂದಲೇ ಅವಳ ಜನ್ಮ ಜಾಲಾಡಿದ್ದರು. ಅವಳು ಒಂದೊಂದು ಬೈಗುಳವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಳು. ಪುಸ್ತಕದಲ್ಲಿ ‘ದೂರು’ ಎಂಬ ಕಾಲಂ ಇತ್ತು, ಹೊಗಳಿಕೆಗೆ ಕಾಲಂ ಇರಲಿಲ್ಲ. ಹೊಗಳುವುದಕ್ಕೆ ಯಾರೂ ಫೋನ್ ಮಾಡುವುದಿಲ್ಲ ಎಂಬ ಅನುಭವ ಪುಸ್ತಕ ಅಚ್ಚು ಹಾಕಿಸಿದವರಿಗಿತ್ತು.

ಮಂಗಳವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಅವಳು ಮನೆಯಲ್ಲಿ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಅತ್ತೆಯ ಎಡಗೈ, ಎಡಗಾಲುಗಳನ್ನು ಕಸಿದುಕೊಂಡಿತ್ತು. ನಾಲಿಗೆಯ ತಂಟೆಗೆ ಹೋಗುವ ಧೈರ್ಯ ಅದಕ್ಕೂ ಬಂದಿರಲಿಲ್ಲ. ಗಂಡ ಲಾರಿಯಲ್ಲಿ ಊರೂರು ತಿರುಗುವವನು. ಹಗಲು ಎದುರುಮನೆಯ ದರ್ಜಿ ಹೆಂಗಸು ತನ್ನ ಹೊಲಿಗೆ ಯಂತ್ರವನ್ನು ಇಲ್ಲೇ ತಂದಿಟ್ಟುಕೊಂಡು ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಅತ್ತೆಯ ಬಲಗೈಗೆ ಎಟಕುವಂತೆ ಒಂದು ರೇಡಿಯೋ, ಒಂದು ಫೋನು.

ರೇಡಿಯೋದಲ್ಲಿ ಅವಳದೇ ಕೇಂದ್ರದ ಬೆಳಗಿನ ಮಾತುಗಾರ, ಎಲ್ಲರ ಬಾಯಲ್ಲಿ ಮಾತಿನ ಮಲ್ಲ. ಊರಿನ ಅರ್ಧ ಜನ ಅವನ ಮಾತು ಕೇಳದೆ ಹಲ್ಲುಜ್ಜುತ್ತಿರಲಿಲ್ಲ. ಅವನು ಅಂದು ಹೇಳಿದ್ದು ಇಷ್ಟು: “ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋರು ದೇವರಲ್ಲ ಸ್ವಾಮಿ. ಒಳಗೊಳಗೇ ಎಲ್ಲರೂ ದಿನ ಎಣಿಸ್ತಿರ್ತಾರೆ. ಬಾಯಿ ಬಿಟ್ಟು ಹೇಳಲ್ಲ, ಅಷ್ಟೆ.”

ಚಮಚ ಗಾಳಿಯಲ್ಲೇ ನಿಂತಿತು.

“ಹೌದೇನೇ?” ಎಂದರು ಅತ್ತೆ, ತಮಾಷೆಯಾಗಿಯೇ.

ಇಲ್ಲ ಅನ್ನಬೇಕಿತ್ತು. ಅಂದಳು ಕೂಡ. ಆದರೆ ಆ ‘ಇಲ್ಲ’ ಬರುವುದು ಕೊಂಚ ತಡವಾಯಿತು. ಹೋದ ತಿಂಗಳು ಅತ್ತೆಗೆ ಜ್ವರ ಏರಿದಾಗ, ಈ ಮಂಚ ಇರುವ ಜಾಗದಲ್ಲಿ ಒಂದು ಮೇಜು ಹಿಡಿಸುತ್ತದೆಯೇ ಎಂದು ಅವಳ ಕಣ್ಣು ಅವಳನ್ನು ಕೇಳದೆಯೇ ಅಳತೆ ತೆಗೆದಿತ್ತು. ಅದು ಈಗ ನೆನಪಾಯಿತು. ಅತ್ತೆ ಬಾಯಿ ಮುಚ್ಚಿಕೊಂಡರು. “ಸಾಕು, ಹೊಟ್ಟೆ ತುಂಬ್ತು.”

ಒಂಬತ್ತು ಗಂಟೆಗೆ ಅವಳು ರಾಜಧಾನಿಗೆ ಕಾಲಿಟ್ಟಾಗ ಟೆಲಿಫೋನಿನ ದೀಪಗಳೆಲ್ಲ ಹುಚ್ಚೆದ್ದಿದ್ದವು.

“ಅವನ ನಾಲಿಗೆಗೆ ಹುಳ ಬೀಳ! ಬರ್ಕೊಳ್ರೀ!”

“ಹೇಳಿ, ಬರೆದುಕೊಳ್ಳುತ್ತೇನೆ.”

“ಹುಳ ಅಂತ ಬರೆದ್ರಾ? ದಪ್ಪಕ್ಷರದಲ್ಲಿ ಬರೀರಿ!”

ಹನ್ನೆರಡರ ಹೊತ್ತಿಗೆ ಗೇಟಿನ ಹೊರಗೆ ಜನ ಸೇರಿದರು. ಒಂದು ಕಡೆ, ಅವನನ್ನು ಕಿತ್ತುಹಾಕಿ ಎನ್ನುವವರು. ಇನ್ನೊಂದು ಕಡೆ, ಮಾತಿನ ಸ್ವಾತಂತ್ರ್ಯ ಉಳಿಸಿ ಎನ್ನುವವರು. ಎರಡು ಸೈನ್ಯಗಳೂ ಕೂಗಿ ಕೂಗಿ ಗಂಟಲು ಕಟ್ಟಿದಾಗ ಫೋನಿಗೆ ಬರುತ್ತಿದ್ದವು.

“ಇದು ಮಾತಿನ ಸ್ವಾತಂತ್ರ್ಯದ ಪ್ರಶ್ನೆ ಮೇಡಂ! ಯಾರಿಗೂ ಯಾರ ಬಾಯಿ ಮುಚ್ಚಿಸೋ ಹಕ್ಕಿಲ್ಲ!”

“ಬೇರೆ ಏನಾದರೂ—”

“ನೀವು ಮಧ್ಯೆ ಬಾಯಿ ಹಾಕ್ಬೇಡಿ!”

ಇವರದ್ದನ್ನು ಎಲ್ಲಿ ಬರೆಯುವುದು? ಅವಳು ಮೇಲ್ವಿಚಾರಕರನ್ನು ಕೇಳಿದಳು. ಅವರು ತಲೆ ಬಗ್ಗಿಸಿ ಕೋಣೆಯೊಳಗೆ ಇಣುಕಿ, “ಇರೋದೇ ಒಂದು ಕಾಲಂ ಅಲ್ವೇನಮ್ಮಾ? ಅದ್ರಲ್ಲೇ ತುಂಬು,” ಎಂದರು. ಹೀಗೆ ಮಾತಿನ ಮಲ್ಲನ ಪರವಾಗಿ ಗಂಟಲು ಹರಿದುಕೊಂಡವರೆಲ್ಲ ಅವನ ಮೇಲಿನ ದೂರುಗಳಾಗಿ ಸಾಲಾಗಿ ಕೂತರು. ಗಂಟೆಗೊಮ್ಮೆ ಮೇಲ್ವಿಚಾರಕರು ಬಂದು ಕೊನೆಯ ಕ್ರಮಸಂಖ್ಯೆಯನ್ನಷ್ಟೇ ಬರೆದುಕೊಂಡು ಅವನನ್ನು ಏನು ಮಾಡುವುದೆಂದು ಮಹಡಿಯಲ್ಲಿ ಕೂತಿದ್ದ ಅಧಿಕಾರಿಗಳ ಸಭೆಗೆ ಒಯ್ಯುತ್ತಿದ್ದರು. ಅಕ್ಷರ ಓದುವಷ್ಟು ಪುರುಸೊತ್ತು ಸಭೆಗಿರಲಿಲ್ಲ.

ಸಂಜೆ ಮನೆಗೆ ಹೋದರೆ ಅತ್ತೆ ಬಲಗೈಯಲ್ಲಿ ತಾವೇ ಗಂಜಿ ಕುಡಿಯಲು ಹೋಗಿ ಎದೆಯ ಮೇಲೆಲ್ಲ ಚೆಲ್ಲಿಕೊಂಡಿದ್ದರು. ಒರೆಸಲು ಹೋದವಳ ಕೈ ತಡೆದರು. “ನಿಮಗ್ಯಾಕೆ ತೊಂದರೆ?”

ನಿಮಗೆ! ಇಪ್ಪತ್ತೆರಡು ವರ್ಷ ‘ಲೇ’ ಅಂದ ಬಾಯಲ್ಲಿ! ಇಡೀ ದಿನದ ಬೈಗುಳಕ್ಕೆ ಜಗ್ಗದ ಹಲೋ ಅಕ್ಕ ಈ ಒಂದು ಮರ್ಯಾದೆಗೆ ಕುಸಿದು ಕೂತಳು. ಹೇಳಲು ನೂರು ಮಾತಿತ್ತು. ಒಂದು ಮಾತು ಸುಳ್ಳಾಗುತ್ತಿತ್ತು, ಇನ್ನೊಂದು ಮಾತು ಕೊಲ್ಲುತ್ತಿತ್ತು. ನಡುವಿನದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮಾತಿನ ಮಲ್ಲ ಗೇಟಿನ ಜನಕ್ಕೆ ಹೆದರಿ ಮೆಟ್ಟಿಲ ಕೆಳಗೆ ಬಂದು ಅಡಗಿದ. ಬಾಗಿ ನಿಂತಿದ್ದರಿಂದ ಮೊದಲ ಸಲ ವಿನಯವಂತನಂತೆ ಕಂಡ.

“ಅಕ್ಕಾ, ನಾನು ಯಾರನ್ನೂ ಅನ್ನಲಿಲ್ಲ. ಆರು ವರ್ಷ ನಮ್ಮಮ್ಮನ್ನ ನೋಡ್ಕೊಂಡೆ. ನಂದೇ ಹೇಳಿದ್ದು.”

“ಹಾಗಂತ್ಲೇ ಹೇಳ್ಬೇಕಿತ್ತು ಸರ್.”

“ನಂದು ಅನ್ನೋಕೆ ಧೈರ್ಯ ಬರ್ಲಿಲ್ಲ. ಎಲ್ಲರೂ ಅಂದ್ಬಿಟ್ಟೆ. ನೀವೇನಂತೀರಿ?” ಎಂದ.

ಅವಳು ಗೋಡೆಯ ಗಾಜಿನೊಳಗಿನ ಎರಡನೇ ನಿಯಮದ ಕಡೆ ಪೆನ್ನು ತೋರಿಸಿದಳು. ಅವನು ಹಿಂಬಾಗಿಲಿಂದ ಹೋದ.

ಮೂರೂಕಾಲಿಗೆ ಇನ್ನೊಂದು ದೀಪ ಹೊತ್ತಿತು. ಮೇಲ್ವಿಚಾರಕರು ಸಂಖ್ಯೆಗಾಗಿ ಬಾಗಿಲಲ್ಲೇ ನಿಂತಿದ್ದರು.

“ಹೇಳಿ, ಬರೆದುಕೊಳ್ಳುತ್ತೇನೆ.”

“ಬರ್ಕೊಳ್ಳಿ ಮೇಡಂ,” ಎಂದಿತು ಅತ್ತೆಯ ಧ್ವನಿ. ಹಿಂದೆ ಹೊಲಿಗೆ ಯಂತ್ರ ಟಕಟಕ ಎನ್ನುತ್ತಿತ್ತು. “ಆ ಮನುಷ್ಯನ್ನ ಕೆಲಸದಿಂದ ತೆಗೀಬೇಡಿ. ಅವನು ಹೇಳಿದ್ದು ನಿಜ. ಬರೆದ್ರಾ?”

ಪೆನ್ನು ಬರೆಯಿತು.

“ಆದ್ರೆ ಅರ್ಧ ಹೇಳ್ದ. ನೋಡ್ಕೊಳ್ಳೋರು ಒಬ್ರೇ ಎಣಿಸಲ್ಲ. ಮಲಗಿರೋರೂ ಎಣಿಸ್ತಾರೆ. ನಾನು ಅವಳಿಗಿಂತ ಮೊದ್ಲೇ ಶುರು ಮಾಡಿದೀನಿ. ಇದನ್ನ ಮನೇಲಿ ಹೇಳಕ್ಕಾಗಲ್ಲ, ಅವಳು ಅಳ್ತಾಳೆ. ನಿಮ್ಮ ಆಫೀಸಲ್ಲಾದ್ರೆ ಅಳೋ ಹಾಗಿಲ್ಲವಂತೆ, ಮೂರೇ ಮಾತಿನ ನಿಯಮ ಇದೆಯಂತೆ. ಬರೆದ್ರಾ?”

ದುಂಡಗಿನ ಅಕ್ಷರಗಳು ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಗೆರೆ ಬಿಟ್ಟು ಕೆಳಗಿಳಿದವು. ಮೇಲ್ವಿಚಾರಕರು ಕತ್ತು ಚಾಚಿ ಸಂಖ್ಯೆ ನೋಡಿದರು. “ಮುನ್ನೂರ ನಲವತ್ತಾರು ದೂರು. ಆಯ್ತು, ಇನ್ನು ಅವನನ್ನ ಇಟ್ಕೊಳ್ಳೋಕಾಗಲ್ಲ,” ಎಂದು ಮೆಟ್ಟಿಲು ಹತ್ತತೊಡಗಿದರು.

“ಸರ್, ಇದು ದೂರಲ್ಲ—” ಎಂದು ಅವಳು ಎದ್ದಳು. ನೆತ್ತಿಗೆ ಮೆಟ್ಟಿಲು ಬಡಿಯಿತು. ಮತ್ತೆ ಕೂತಳು. ತಲೆಯ ಮೇಲೆ ಅವರ ಬೂಟುಗಳು ಒಂದೊಂದೇ ಮೆಟ್ಟಿಲೇರಿ ಹೋದವು.

ಕಿವಿಯಲ್ಲಿ ಅತ್ತೆ ಕಾಯುತ್ತಿದ್ದರು. ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂದಿತ್ತು. ಮಂಚ, ಮೇಜು, ಜ್ವರ, ಎಲ್ಲ. ಬಾಯಿ ತೆರೆದರೆ ಹೊರಗೆ ಬಂದದ್ದು ಹತ್ತೊಂಬತ್ತು ವರ್ಷದ ಅಭ್ಯಾಸ.

“ಬೇರೆ ಏನಾದರೂ ಹೇಳುವುದಿದೆಯೇ?”

“ನನ್ನದು ಮುಗೀತು,” ಎಂದರು ಅತ್ತೆ. “ನಿಂದೇನಾದ್ರೂ ಇದೆಯೇನೇ?”

ನೀಲಿ ಶಾಯಿ ಒಂದು ಕಡೆ ಹರಡಿತು. “ನಿಮ್ಮ ಮಾತು ದಾಖಲಾಗಿದೆ,” ಎಂದಳು ಅವಳು, ಅರ್ಧ ಧ್ವನಿಯಲ್ಲಿ.

ಅತ್ತೆ ಫೋನ್ ಇಡಲಿಲ್ಲ. ಅವಳು ಇಡುವ ಹಾಗಿರಲಿಲ್ಲ. ಫಲಕದ ಮೇಲೆ ಹನ್ನೆರಡು ದೀಪಗಳು ಮಿಣುಕುತ್ತಿದ್ದವು. ಸ್ವಲ್ಪ ಹೊತ್ತಿಗೆ ಅತ್ತ ಹೊಲಿಗೆ ಯಂತ್ರ ನಿಂತು, ಅತ್ತೆಯ ರೇಡಿಯೋ ಗಂಟಲು ಸರಿಮಾಡಿಕೊಂಡಿತು: ಕೇಳುಗರ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟು ನಾಳೆಯಿಂದ ಬೆಳಗಿನ ಹೊತ್ತು ವಾದ್ಯಸಂಗೀತ ಇರುತ್ತದೆ. ಇಬ್ಬರೂ ರಿಸೀವರು ಹಿಡಿದುಕೊಂಡೇ ಆ ಪ್ರಕಟಣೆಯನ್ನು ಕೊನೆಯವರೆಗೂ ಕೇಳಿದರು.