ಸೋದರತ್ತೆ ಮನೆ ಬಿಟ್ಟು ದೊಡ್ಡ ಹೋಟೆಲು

ಕೇಳ್ರವ್ವ, ಇವತ್ತು ನಮ್ಮ ಮನೆಯಲ್ಲಿ ಹೋಟೆಲಿನ ಜಗಳ. ಮೊಮ್ಮಗನೂ ಅವನ ಹೆಂಡತಿ ಸಾವಿತ್ರಿಯೂ ಎರಡು ದಿನಕ್ಕೆ ಮೈಸೂರಿಗೆ ಹೊರಟಿದ್ದಾರೆ. ಇಳಿಯುವುದು ಹಿಂದೆ ಎಸ್ಟೇಟಿನ ದೊರೆಗಳು ಇಳಿಯುತ್ತಿದ್ದ ದೊಡ್ಡ ಹೋಟೆಲಿನಲ್ಲಂತೆ!

"ಸೋದರತ್ತೆ ಮನೆ ಅಲ್ಲೇ ಐತಲ್ಲೋ! ಬ್ಯಾಡಾಂದ್ರೆ ಸಣ್ಣ ಹೋಟ್ಲಿಗಾದ್ರೂ ಹೋಗು ಮಾರಾಯ" ಎಂದೆ.

"ಅಲ್ಲಿ ನಮ್ಮೂರೋರೇ ತುಂಬಿರ್ತಾರೆ ಕಣಜ್ಜಿ" ಎಂದು ಮೊಮ್ಮಗ ತಲೆ ತಗ್ಗಿಸಿದ.

ಸಾವಿತ್ರಿ ಹೋದ ವರ್ಷ ಕೂಸನ್ನು ಮಣ್ಣಿಗಿಟ್ಟವಳು. ಮೆಲ್ಲಗೆ ಹೇಳಿದಳು: "ಹೊರಡೋವಾಗ ಸೋದರತ್ತೆ ಮಡಿಲಕ್ಕಿ ಹಾಕಿ, 'ಮುಂದಿನ ಸಲ ಮಗೀನ ಎತ್ಕೊಂಡು ಬಾ' ಅಂತಾರೆ ಅಜ್ಜಿ. ದೊಡ್ಡ ಹೋಟ್ಲಲ್ಲಿ ಯಾರೂ ಹಂಗನ್ನಲ್ಲ."

ಹೋಗಿ ಬನ್ರಪ್ಪ ಎಂದುಬಿಟ್ಟೆ.

ಹರಸುವ ನೆಂಟರು ಬೀದಿಗೊಬ್ಬರು ಸಿಗುತ್ತಾರೆ. ಬಾಯಿ ಮುಚ್ಚಿಕೊಂಡು ಅನ್ನ ಬಡಿಸುವವರು ಬೇಕೆಂದರೆ ದೊರೆಗಳ ಹೋಟೆಲಿಗೇ ಹೋಗಬೇಕು ನೋಡಿ.